ಗೇಟಿನ ಹೊರಗೆ ಕೂತಿದ್ದ ಮೆಂಬರ್ ಕಾಕಾ

ಸ್ಮರಣ ಸಂಚಿಕೆ ತರುವವರು ಮೂರು ಸಲ ಮನೆಗೆ ಬಂದು ಹೋದರು. "ಅಕ್ಕಾರ, ನೀವು ಅವರ ಓಣ್ಯಾಗ ಇದ್ದೋರು, ಐದು ವರ್ಷ ಅವರ ಮನಿಗೆ ಹೋಗಿ ಬಂದು ಮಾಡಿದೋರು. ಒಂದೆರಡು ಪುಟ ಬರದು ಕೊಡ್ರಿ. ಛಲೋ ಛಲೋ ಮಾತು ಇರಲಿ" ಅಂದರು. ನಾನು ಹೂಂ ಅಂದೆ. ಆಮೇಲೆ ಪೆನ್ನು ಹಿಡಿದು ಕೂತಾಗೆಲ್ಲ ಎದ್ದೆ. ಒಮ್ಮೆ ಹಾಲು ಉಕ್ಕುತ್ತದೆಂದು ಎದ್ದೆ, ಒಮ್ಮೆ ನಳ ಬಂತೆಂದು ಎದ್ದೆ, ಒಮ್ಮೆ ಯಾವ ಕಾರಣವೂ ಇಲ್ಲದೆ ಎದ್ದು, ಒರೆಸಿದ ಒಲೆಕಟ್ಟೆಯನ್ನೇ ಮತ್ತೆ ಒರೆಸಿದೆ. ಅವರು ತೀರಿಕೊಂಡು ತಿಂಗಳಾಗುತ್ತ ಬಂತು. ಈ ತಿಂಗಳಿಡೀ ನಾನು ಹೀಗೇ. ಪೂಜೆಗೆ ಕೂತರೂ ಕಣ್ಣು ಬಾಗಿಲ ಕಡೆ.

ಅವರ ಹೆಸರು ಬರೆಯುವುದಿಲ್ಲ. ಹಿರಿಯರ ಹೆಸರು ಹಿಡಿದು ಮಾತಾಡಿ ನನಗೆ ರೂಢಿ ಇಲ್ಲ. ಊರಿಗೆಲ್ಲ ಅವರು ಮೆಂಬರ್ ಕಾಕಾ, ಅವರ ಹೆಂಡತಿ ನಮಗೆಲ್ಲ ಕಾಕಿ. ನಾನು ಬರೆಯುವುದರಲ್ಲಿ ಕಾಕಿಯೂ ಬರುತ್ತಾಳೆ, ನಾನು ಮಾಡಿದ ಒಂದು ತಪ್ಪೂ ಬರುತ್ತದೆ. ಕಾಕಿಯನ್ನು ಕೇಳಿಯೇ ಬರೆಯುತ್ತಿದ್ದೇನೆ. ಇದನ್ನು ಅಚ್ಚು ಹಾಕುವುದು ಬಿಡುವುದು ಸಂಚಿಕೆಯವರಿಗೆ ಬಿಟ್ಟದ್ದು.

ಕಾಕಾ ನಾಲ್ಕು ಸಲ ನಮ್ಮೂರ ಪುರಸಭೆಗೆ ಆರಿಸಿ ಬಂದವರು. ನಾನು ಇಳಕಲ್ಲಿನಿಂದ ಸೊಸೆಯಾಗಿ ಈ ಊರಿಗೆ ಬಂದಾಗ ಅವರದು ಎರಡನೇ ಸಲ ನಡೆದಿತ್ತು. ಬಂದ ಮರುದಿನ ಮುಂಜಾನೆ ಬಾಗಿಲಿಗೆ ನೀರು ಹಾಕುತ್ತಿದ್ದೆ. ಬಿಳಿ ಧೋತರ, ಬಿಳಿ ಅಂಗಿ, ತಲೆಯ ಮೇಲೆ ಬಿಳಿ ಟೊಪ್ಪಿಗೆ, ಹಣೆ ತುಂಬ ಶಿವಯೋಗ ಮಂದಿರದ ವಿಭೂತಿ. ನಡೆದು ಹೊರಟವರು ನಿಂತು, "ಇಳಕಲ್ಲಾಕಿ ಏನವಾ ನೀ? ನೀರು ಸಣ್ಣಗ ಹಾಕು. ನಮ್ಮೂರಾಗ ನೀರು ನಿಮ್ಮ ತವರುಮನಿಯಷ್ಟು ಅಗ್ಗ ಇಲ್ಲ" ಅಂದರು. ನನ್ನ ಕೈಯಲ್ಲಿ ಇನ್ನೂ ಮದುವೆಯ ಹಸಿರು ಬಳೆ, ಅಳುವುದೊಂದು ಬಾಕಿ. ಸಂಜೆ ಕಾಕಿ ಒಂದು ಬಟ್ಟಲು ಗೋಧಿ ಹುಗ್ಗಿ ತಂದುಕೊಟ್ಟು, "ಅವರ ಬಾಯಿ ಹಂಗ. ಬೈದ್ರ ನಿನ್ನ ಗುರುತು ಹಿಡದಾರಂತ ತಿಳಿ" ಅಂದಳು.

ಪುರಸಭೆಯ ಸಭಾಗೃಹದ ಒಳಗೆ ಹೋಗುವಾಗ ಕಾಕಾ ಚಪ್ಪಲಿ ಹೊರಗೆ ಬಿಡುತ್ತಿದ್ದರು. ಮಿಕ್ಕ ಮೆಂಬರುಗಳು ನಗುತ್ತಿದ್ದರು. "ಕಾಕಾರ, ಇದು ಗುಡಿ ಅಲ್ರಿ" ಅಂದರೆ, "ಗುಡಿಯಾಗ ನಮ್ಮ ನಮ್ಮ ಸಲುವಾಗಿ ಬೇಡಕೋತೇವಿ. ಇಲ್ಲಿ ಊರ ಸಲುವಾಗಿ ಕುಂಡ್ರತೇವಿ. ಯಾವುದು ಹೆಚ್ಚು ನೀನ ಹೇಳು" ಅನ್ನುತ್ತಿದ್ದರು. ಒಂದು ಸಲ ಯಾರೋ ಬೇಕಂತಲೇ ಚಪ್ಪಲಿ ಎತ್ತಿಕೊಂಡು ಹೋದರು. ಕಾಕಾ ಬರಿಗಾಲಲ್ಲಿ ಸುಡುಬಿಸಿಲಿನಲ್ಲಿ ಮನೆಗೆ ಬಂದರು. ಮುಂದಿನ ಸಭೆಗೆ ಹೊಸ ಚಪ್ಪಲಿ ಮೆಟ್ಟಿಕೊಂಡು ಹೋಗಿ ಅದೇ ಜಾಗದಲ್ಲಿ ಬಿಟ್ಟರು.

ಅವರ ರಾಜಕಾರಣ ಏನಿತ್ತು ಅಂತ ಕೇಳಿದರೆ, ಇದ್ದದ್ದನ್ನು ನೆಟ್ಟಗೆ ಇಟ್ಟುಕೊಳ್ಳಬೇಕು ಅನ್ನುವುದು ಅಷ್ಟೇ. ಹೊಸದು ಏನೇ ಬರಲಿ, ಕಾಕಾ ಮೊದಲು ಬೇಡ ಅನ್ನುತ್ತಿದ್ದರು. ಹೆಣ್ಣುಮಕ್ಕಳ ಸಾಲಿ ಹತ್ತಿರ ಸಾರಾಯಿ ಅಂಗಡಿ ಬರುವುದಿತ್ತು, ಬೇಡ ಅಂದರು. ಒಬ್ಬರೇ ಹಟ ಹಿಡಿದು ನಿಲ್ಲಿಸಿದರು. ಅವತ್ತು ಓಣಿಯ ಹೆಂಗಸರೆಲ್ಲ ಅವರ ಮನೆಗೆ ಹೋಗಿ ಕಾಲಿಗೆ ನಮಸ್ಕಾರ ಮಾಡಿ ಬಂದೆವು. ಅದಾದ ಎರಡೇ ವರ್ಷಕ್ಕೆ ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಬರುವುದಿತ್ತು, ಅದಕ್ಕೂ ಬೇಡ ಅಂದರು. "ಹೆಣ್ಮಕ್ಳು ಅವ್ವನ ಕಣ್ಣ ಮುಂದ ಓದಬೇಕು" ಅಂದರು. ಹಾಸ್ಟೆಲ್ ಬೇರೆ ಊರಿಗೆ ಹೋಯಿತು. ನಮಸ್ಕಾರ ಮಾಡಿದ ನಾವೇ ಹಿಂದಿನಿಂದ ಶಾಪ ಹಾಕಿದೆವು. ಕಾಕಾ ಎರಡನ್ನೂ ಒಂದೇ ಮುಖ ಮಾಡಿಕೊಂಡು ತಗೊಂಡರು. ಪುರಸಭೆಯಿಂದ ಯಾರದೋ ಮೂರ್ತಿ ನಿಲ್ಲಿಸಬೇಕು ಅಂತ ಬಂದವರಿಗೆ, "ನಿಮ್ಮ ಅಂಗಳದಾಗ ನಿಲ್ಲಸ್ರಿ, ದಿನಾ ನಾನ ಬಂದು ಹೂ ಏರಸತೇನಿ" ಅಂದಿದ್ದರು.

ಒಮ್ಮೆ ವಿಧಾನಸಭೆಗೂ ನಿಂತರು. ಆ ಭಾಷಣ ನಾನೇ ಕೇಳಿದ್ದೇನೆ. ಸಂತೆ ಮೈದಾನದಲ್ಲಿ ಸ್ಟೇಜು ಹಾಕಿದ್ದರು. ಅವರಿಗಿಂತ ಮೊದಲು ಬಂದವರು ರಸ್ತೆ ತರುತ್ತೇವೆ, ಕಾರ್ಖಾನೆ ತರುತ್ತೇವೆ ಅಂತ ಒಂದೊಂದು ತಾಸು ಮಾತಾಡಿ ಹೋಗಿದ್ದರು. ಕಾಕಾ ಮೈಕಿನ ಮುಂದೆ ಬಂದು ಟೊಪ್ಪಿಗೆ ಸರಿಮಾಡಿಕೊಂಡು, "ನಾ ಏನೂ ತರಂಗಿಲ್ಲ. ಇದ್ದದ್ದು ಕೆಡಸಂಗಿಲ್ಲ. ಬೇಕಾದ್ರ ಹಾಕ್ರಿ, ಬ್ಯಾಡಾದ್ರ ಬಿಡ್ರಿ" ಅಂದು ಕೆಳಗಿಳಿದರು. ಮಂದಿ ನಕ್ಕರು, ಜೋರಾಗಿ ಚಪ್ಪಾಳೆ ತಟ್ಟಿದರು, ವೋಟು ಮಾತ್ರ ಹಾಕಲಿಲ್ಲ. ಸೋತ ಮರುದಿನ ಮುಂಜಾನೆ ಅದೇ ಹೊತ್ತಿಗೆ ಅದೇ ಬಿಳಿ ಬಟ್ಟೆ ಹಾಕಿಕೊಂಡು ಓಣಿಯ ಗಟಾರ ನೋಡುತ್ತ ಹೊರಟಿದ್ದರು. ಯಾರೋ "ಕಾಕಾರ, ಬ್ಯಾಸರಾತೇನ್ರಿ?" ಅಂದರೆ, "ಸೋತಾಂವ ನಾ. ಗಟಾರ ಏನ ಮಾಡೈತಿ ಪಾಪ" ಅಂದರು.

ನಮ್ಮ ಓಣಿಯಲ್ಲಿ ಬಾಗಲಕೋಟೆಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವ ಮಾಸ್ತರರೊಬ್ಬರಿದ್ದಾರೆ. ಕಾಕಾರನ್ನು ಕೆಣಕುವುದೆಂದರೆ ಅವರಿಗೆ ಹೋಳಿಗೆ ಉಂಡಷ್ಟು ಖುಷಿ. ಒಂದು ದಿನ ಕಟ್ಟೆಯ ಮೇಲೆ ಕೂತು, "ಕಾಕಾರ, ನೀವು ತಪ್ಪಿ ಇಲ್ಲಿ ಹುಟ್ಟೀರಿ. ಅಮೆರಿಕಾದಾಗ ಹುಟ್ಟಿದ್ರ ದೊಡ್ಡ ಲೀಡರ್ ಆಗತಿದ್ರಿ. ಸರ್ಕಾರ ಸಣ್ಣದಿರಬೇಕು, ದೇವರು ದೊಡ್ಡಾಂವ ಇರಬೇಕು, ಸಂಸಾರ ಗಟ್ಟಿ ಇರಬೇಕು ಅನ್ನೋರದ್ದ ಅಲ್ಲೊಂದು ಪಾರ್ಟಿ ಐತ್ರಿ" ಅಂದರು.

ಕಾಕಾರಿಗೆ ಒಳಗೊಳಗೆ ಖುಷಿಯಾಯಿತು, ತೋರಿಸಿಕೊಳ್ಳಲಿಲ್ಲ. "ಅವರ ಹೇಣ್ತ್ಯಾರು ಏನ ಮಾಡತಾರ?" ಅಂತ ಕೇಳಿದರು.

"ಅವರೂ ಇಲೆಕ್ಷನ್ನಿಗೆ ನಿಲ್ಲತಾರ್ರಿ."

"ಹಂಗಾದ್ರ ಅದು ನನ್ನ ಪಾರ್ಟಿ ಅಲ್ಲ ಬಿಡೋ."

ಆ ಮಾತಾಡಿ ವರ್ಷ ತುಂಬಿರಲಿಲ್ಲ, ನಮ್ಮ ವಾರ್ಡು ಹೆಣ್ಣುಮಕ್ಕಳಿಗೆ ಮೀಸಲಾಯಿತು. ಮಾಸ್ತರರು ಪೇಪರು ಹಿಡಿದುಕೊಂಡು ಓಡಿ ಬಂದಿದ್ದರು. ಕಾಕಾ ಓದಿ, ಮಡಿಚಿ ವಾಪಸ್ಸು ಕೊಟ್ಟರು. ಹೆಂಗಸರು ಸಭೆಗೆ ಬಂದು ಕೂರುವುದು ಅವರಿಗೆ ಮೊದಲಿನಿಂದಲೂ ಸೇರುತ್ತಿರಲಿಲ್ಲ. ಸಭೆಯಲ್ಲಿಯೇ ಎದ್ದು ಅದನ್ನು ಹೇಳಿದ್ದರು. ಈಗ ಅವರ ಪಕ್ಷದವರು ಮನೆಗೆ ಬಂದರು. ನಾನು ಕಾಕಿಗೆ ಉಪ್ಪಿನಕಾಯಿ ಕೊಡಲು ಹೋಗಿದ್ದೆ, ಅಡಿಗೆಮನೆಯಲ್ಲಿ ನಿಂತಿದ್ದೆ.

"ಕಾಕಿನ್ನ ನಿಲ್ಲಸ್ರಿ ಕಾಕಾರ. ಹೆಸರು ಅವರದು, ಕೆಲಸ ನಿಮ್ಮದು. ಎಲ್ಲಾ ಕಡೆ ಹಂಗ ನಡದೈತಿ" ಅಂದರು ಬಂದವರು.

"ಎಲ್ಲಾ ಕಡೆ ನಡದದ್ದು ನನಗ ಹೇಳಬ್ಯಾಡ್ರಿ. ಈ ಕಾಯ್ದೆ ನನಗ ಒಪ್ಪಿಗಿ ಇಲ್ಲ. ಆದ್ರ ಕಾಯ್ದೆ ಅಂದ್ರ ಕಾಯ್ದೆ. ಹೆಸರು ಆಕಿದಾದ್ರ ಕೆಲಸಾನೂ ಆಕಿದ" ಅಂದರು ಕಾಕಾ. ಆಮೇಲೆ ಅಡಿಗೆಮನೆ ಕಡೆ ತಿರುಗಿ, "ಏ ಇಕಿನ, ನಿಲ್ಲತಿಯೇನು?" ಅಂದರು. ಇಲ್ಲ ಅನ್ನುತ್ತಾಳೆ ಅಂತಲೇ ಕೇಳಿದ್ದು ಅನ್ನಿಸಿತು ನನಗೆ.

ಕಾಕಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಿಲ್ಲತೇನಿ" ಅಂದಳು.

ನಿಂತಳು, ಗೆದ್ದಳು. ಕಾಕಿಗೆ ಸಹಿ ಮಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಗೆದ್ದ ಮರುವಾರ ಕಾಕಾ ನಮ್ಮ ಬಾಗಿಲಿಗೆ ಬಂದು ನಿಂತರು. "ಯವ್ವಾ, ನೀ ಸಾಲಿ ಕಲ್ತಾಕಿ. ಸಭಾದ ಕಾಗದ ಬಂದಾಗ ಆಕಿಗೆ ಓದಿ ಹೇಳು. ನಾ ಓದಿದ್ರ ಅದರಾಗ ನನ್ನ ಮಾತೂ ಸೇರತೈತಿ" ಅಂದರು. ನನ್ನ ಯಜಮಾನರನ್ನು ಕೇಳಿ ಹೂಂ ಅಂದೆ. ನಾನು ಹತ್ತನೆಯ ಇಯತ್ತೆ ಪಾಸು. ಮದುವೆಯಾದ ಮೇಲೆ ಆ ಓದು ಯಾರಿಗಾದರೂ ಬೇಕಾಗಿದ್ದು ಅದೇ ಮೊದಲು. ನಾನು ದಿನಾ ಪೂಜೆಗೆ ಕೂತಾಗ ಆ ದಿನ ದೇವರು ಕೊಟ್ಟ ಸಣ್ಣ ಸಣ್ಣ ಒಳ್ಳೆಯದನ್ನು ಬೆರಳ ಮೇಲೆ ಎಣಿಸುತ್ತೇನೆ. ಆವತ್ತು ಮೊದಲನೆಯ ಬೆರಳು ಅದಕ್ಕೇ ಹೋಯಿತು.

ಕಾಗದ ಓದುವ ದಿನ ಹೀಗೆ ನಡೆಯುತ್ತಿತ್ತು. ಪುರಸಭೆಯ ಸಿಪಾಯಿ ಲಕೋಟೆ ತಂದರೆ ಕಾಕಾ ಒಡೆಯದೆ ಕಾಕಿಯ ಕೈಗೆ ಕೊಡುತ್ತಿದ್ದರು. ನಾನು ಹೊಸ್ತಿಲು ದಾಟಿದೆನೋ ಇಲ್ಲವೋ, ಛತ್ರಿ ತಗೊಂಡು ಎದುರು ಮನೆಯ ಕಟ್ಟೆಗೆ ಹೋಗಿ ಕೂರುತ್ತಿದ್ದರು. ಮನೆಯೊಳಗೆ ಪುರಸಭೆಯ ಮಾತು ಆಡಬಾರದು ಅನ್ನುವುದು ಅವರೇ ಹಾಕಿಕೊಂಡ ನೇಮ. ಬೇಸಿಗೆಯಲ್ಲಿ ಕಾಕಿಯೇ ಬಾಗಿಲಲ್ಲಿ ನಿಂತು, "ಒಳಗ ಬರ್ರಿ, ಬಿಸಲು ಬಡೀತೈತಿ" ಅನ್ನುತ್ತಿದ್ದಳು.

"ಓದೂದು ಮುಗೀತೇನು?"

"ಇನ್ನೂ ಎರಡು ವಿಷಯ ಅದಾವು."

"ಮುಗೀಲಿ."

ಹಾದು ಹೋಗುವವರು, "ಏನ ಕಾಕಾರ, ಮನಿ ಬಿಟ್ಟು ಹೊರಗ ಹಾಕ್ಯಾರೇನ್ರಿ?" ಅಂತ ನಕ್ಕರೆ, "ಒಳಗ ಸರ್ಕಾರದ ಕೆಲಸ ನಡದೈತಿ. ಸುಮ್ನ ಹೋಗ್ರಿ" ಅನ್ನುತ್ತಿದ್ದರು.

ಸಭೆಯ ದಿನ ಮುಂದೆ ಕಾಕಾ, ನಾಲ್ಕು ಹೆಜ್ಜೆ ಹಿಂದೆ ಕಾಕಿ, ಅವಳ ಹಿಂದೆ ನಾನು. ಪುರಸಭೆಯ ಗೇಟಿನ ತನಕ ಬಂದು ಕಾಕಾ ನಿಂತುಬಿಡುತ್ತಿದ್ದರು. ಗೇಟಿನ ಎದುರಿಗೆ ಚಹಾದ ಅಂಗಡಿ, ಅದರ ಬೆಂಚು. ಸಭೆ ಮುಗಿಯುವ ತನಕ ಅಲ್ಲಿ. ಬೇರೆ ವಾರ್ಡುಗಳಲ್ಲಿ ಹೆಂಡತಿ ಮೆಂಬರಾದರೆ ಗಂಡ ಅವಳ ಪಕ್ಕದ ಖುರ್ಚಿ ಎಳೆದುಕೊಂಡು ಕೂತು ಅವಳ ಮಾತೂ ತಾನೇ ಆಡುತ್ತಿದ್ದ. ಕಾಕಾ ಗೇಟು ದಾಟಲಿಲ್ಲ. ಇಪ್ಪತ್ತು ವರ್ಷ ಓಡಾಡಿದ ಗೇಟು ಅದು. ಮೊಮ್ಮಗಳ ಜನನ ದಾಖಲೆ ತರಬೇಕಾದಾಗಲೂ ಮಗನನ್ನು ಕಳಿಸಿದರು. ನಾನು ಒಳಗೆ ಪಡಸಾಲೆಯ ಬೆಂಚಿನ ಮೇಲೆ ಕೂತಿರುತ್ತಿದ್ದೆ. ನಡುವೆ ಚಹಾಕ್ಕೆ ಬಿಟ್ಟಾಗ ಕಾಕಿ ಹೊರಗೆ ಬಂದು ನನ್ನ ಪಕ್ಕ ಕೂರುತ್ತಿದ್ದಳು. ಹೊಸದೇನಾದರೂ ಕಾಗದ ಕೊಟ್ಟಿದ್ದರೆ ಓದಿ ಹೇಳುತ್ತಿದ್ದೆ.

ಈಗ ನನ್ನ ತಪ್ಪಿನ ಮಾತು.

ನಮ್ಮೂರ ಸಂತೆಗೆ ಸುತ್ತಲಿನ ಹಳ್ಳಿಗಳ ಹೆಂಗಸರು ಮುಂಜಾನೆ ಬಂದು ಸಂಜೆ ಹೋಗುತ್ತಾರೆ. ಬಯಲಕಡೆಗೆ ಹೋಗಬೇಕಾದರೆ ಅವರಿಗೆ ತಡೆದುಕೊಂಡು ಕೂರುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ನನಗೂ ಒಮ್ಮೆ ಹಾಗಾಯಿತು. ಸಂತೆಯ ನಡುವೆ ಹೊಟ್ಟೆ ನುಲಿದು ಬಂತು, ಮನೆ ದೂರ. ಕಣ್ಣೀರು ಬರುತ್ತಿತ್ತು. ಸೊಪ್ಪು ಮಾರುತ್ತಿದ್ದ ಒಬ್ಬಳು, ಬೀರಪ್ಪ ದೇವರ ಒಕ್ಕಲಿನವಳು, ಮುಖ ನೋಡಿಯೇ ತಿಳಿದು, ಬುಟ್ಟಿ ಬಿಟ್ಟು ಎದ್ದು ಬಂದಳು. ನಿಂತ ಲಾರಿಯ ಹಿಂದೆ ನನ್ನನ್ನು ಕೂರಿಸಿ, ತನ್ನ ಸೆರಗು ಬಿಚ್ಚಿ ಎರಡೂ ಕೈಯಲ್ಲಿ ಅಡ್ಡ ಹಿಡಿದು ಆ ಕಡೆ ಮುಖ ಮಾಡಿ ನಿಂತಳು. "ಅವಸರ ಮಾಡಬ್ಯಾಡ ತಂಗಿ. ನಾ ಅದೇನಿ" ಅಂದಳು. ಅವಳ ಹೆಸರು ಸಹ ನನಗೆ ಗೊತ್ತಿಲ್ಲ. ಪೂಜೆಯಲ್ಲಿ ಈಗಲೂ ಅವಳನ್ನು ನೆನೆಯುತ್ತೇನೆ.

ಕಾಕಿ ಮೆಂಬರಾಗಿ ಮೂರನೇ ವರ್ಷ, ಸಂತೆಯಲ್ಲಿ ಹೆಂಗಸರಿಗೆ ಶೌಚಾಲಯ ಕಟ್ಟಿಸಬೇಕು ಅನ್ನುವ ಠರಾವು ಎದುರು ಪಕ್ಷದವರಿಂದ ಬಂತು. ಪುರಸಭೆಗೆ ಅಲ್ಲಿ ಇದ್ದದ್ದು ಒಂದೇ ತುಂಡು ಜಾಗ, ನಮ್ಮೂರ ದೊಡ್ಡ ಗುಡಿಯ ಹಿಂದಿನ ಗೋಡೆಗೆ ಹತ್ತಿದ್ದು. ಕಾಕಾ ಮೆಂಬರಾಗಿದ್ದಾಗ ಇದೇ ಮಾತು ಎರಡು ಸಲ ಬಂದು, ಎರಡೂ ಸಲ ಅವರೇ ಬೀಳಿಸಿದ್ದರು. "ದೇವರ ಗ್ವಾಡಿಗೆ ಹತ್ತಿ ಅಂಥಾದ್ದು ಬ್ಯಾಡ" ಅಂದಿದ್ದರು. ಸುಳ್ಳೇಕೆ, ನನಗೂ ಮನಸ್ಸು ಎರಡಾಗಿತ್ತು. ಆ ದೇವರು ನನ್ನ ದೇವರೂ ಹೌದು. ಆದರೂ ಕಾಗದವನ್ನು ಕಾಕಿಗೆ ಒಂದಕ್ಷರ ಬಿಡದೆ ಓದಿದೆ. ಕಾಕಿ ಕೇಳಿಸಿಕೊಂಡು, ಕಾಗದ ಮಡಿಚಿ ಇಟ್ಟಳು. ಎದುರು ಕಟ್ಟೆಯ ಮೇಲೆ ಕಾಕಾ ಕೂತಿದ್ದರು. ಆ ಠರಾವು ಬರುತ್ತದೆಂದು ಊರಿಗೆಲ್ಲ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನೇಮ ಮುರಿಯದೆ ಹೆಂಡತಿಗೆ ಹೇಳುವ ಹಾಗಿರಲಿಲ್ಲ.

ಸಭೆಯ ದಿನ ನಾನು ಪಡಸಾಲೆಯ ಬೆಂಚಿನ ಮೇಲಿದ್ದೆ. ತಲೆ ಎತ್ತಿದರೆ ಕಾಕಾ ಗೇಟಿನ ನಡುವೆ ನಿಂತಿದ್ದಾರೆ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಯಾರಿಗೋ ಏನೋ ಆಗಿದೆ ಅಂದುಕೊಂಡು ಓಡಿ ಹೋದೆ.

"ಚಹಾಕ್ಕ ಬಿಟ್ಟಾಗ ಆಕಿಗೆ ಹೇಳು" ಅಂದರು. ದನಿ ಸಣ್ಣದಾಗಿತ್ತು. "ಗುಡಿ ಗ್ವಾಡಿ ಮಾತು ಬಂದಾಗ ಕೈ ಎತ್ತಬ್ಯಾಡಂತ. ನಾ ಹೇಳೀನಂತ ಹೇಳು." ನನ್ನ ಮುಖ ನೋಡದೆ ಹಿಂದೆ ಹೋಗಿ ಬೆಂಚಿನ ಮೇಲೆ ಕೂತರು.

ಚಹಾಕ್ಕೆ ಬಿಟ್ಟರು. ಕಾಕಿ ಬಂದು ನನ್ನ ಪಕ್ಕ ಕೂತಳು. "ಏನರ ಐತೇನು?" ಅಂದಳು. ದಿನಾ ಕೇಳುವ ಹಾಗೆಯೇ ಕೇಳಿದಳು. ಲಾರಿಯ ಹಿಂದೆ ನಿಂತ ಆ ಹೆಣ್ಣುಮಗಳ ಬೆನ್ನು ನನ್ನ ಕಣ್ಣ ಮುಂದೆ ಬಂತು. ನನ್ನ ಬಾಯಿಂದ ಬಂದದ್ದು ಇಷ್ಟೇ: "ಏನಿಲ್ಲ ಕಾಕಿ. ಚಹಾ ಆರತೈತಿ, ಕುಡಿ."

ಕಾಕಿ ಕೈ ಎತ್ತಿದಳು, ಒಂದೇ ಕೈ ಹೆಚ್ಚಾಗಿ ಠರಾವು ಪಾಸಾಯಿತು.

ಮನೆಗೆ ಬರುವಾಗಲೂ ಮುಂದೆ ಕಾಕಾ, ಹಿಂದೆ ಕಾಕಿ, ಅವಳ ಹಿಂದೆ ನಾನು. ಆವತ್ತು ಕಾಕಾ ಹೊಟ್ಟೆ ಸರಿ ಇಲ್ಲ ಅಂತ ಊಟ ಬಿಟ್ಟರೆಂದು ಮರುದಿನ ಕಾಕಿ ಹೇಳಿದಳು. ಶೌಚಾಲಯ ಕಟ್ಟಿ ಮುಗಿಯಿತು. ಸಂತೆಯ ದಿನ ಅಲ್ಲಿ ಹೆಂಗಸರ ಸಾಲು ನೋಡಿ ನನಗೆ ಸಮಾಧಾನವಾಗಬೇಕಿತ್ತು. ಆಗುತ್ತಿತ್ತು, ಅಷ್ಟರಲ್ಲಿ ಕಾಕಾ ಕಾಣುತ್ತಿದ್ದರು. ಆ ಗೋಡೆ ಕಣ್ಣಿಗೆ ಬೀಳಬಾರದೆಂದು ಅವರು ಗುಡಿಗೆ ಸುತ್ತು ಹಾಕಿ ಬೇರೆ ಓಣಿಯಿಂದ ಹೋಗಲು ಸುರುಮಾಡಿದ್ದರು. ಮೊಣಕಾಲು ನೋವು ಬಂದ ಮೇಲೂ ಆ ಸುತ್ತು ತಪ್ಪಿಸಲಿಲ್ಲ. ನನಗೆ ಮೊದಲಿನ ಹಾಗೆಯೇ ಬೈಯುತ್ತಿದ್ದರು. ನನ್ನ ಮಗಳು ಸ್ಕೂಟಿ ಕಲಿತಾಗ ಅರ್ಧ ತಾಸು ಬೈದು, ಕೊನೆಗೆ "ವೇಲು ಗಾಲಿಗೆ ಸಿಗತೈತಿ, ಸೊಂಟಕ್ಕ ಕಟ್ಟಿಕೋ" ಅಂತ ನಿಂತು ಕಟ್ಟಿಸಿ ಕಳಿಸಿದರು. ಅವರು ಬೈದಷ್ಟೂ ನನಗೆ ಒಳಗೆ ಕುಟುಕುತ್ತಿತ್ತು. ಹೇಳಬೇಕು ಅಂತ ಎಷ್ಟು ಸಲ ಹೋದೆನೋ. ಒಮ್ಮೆ ಬದಾಮಿಗೆ ಹೋಗಿ ಬನಶಂಕರಿಯ ಮುಂದೆ ನಿಂತು ತಪ್ಪಾಯಿತು ಅಂದು ಬಂದೆ. ಬಸ್ಸು ನಮ್ಮೂರಿಗೆ ಬರುವುದರೊಳಗೆ ಅದು ಮತ್ತೆ ಎದೆಯ ಮೇಲೆ ಬಂದು ಕೂತಿತ್ತು. ದೇವಿಗೆ ಹೇಳುವುದು ಸುಲಭವಾಗಿತ್ತು.

ಕಾಕಿಯ ಐದು ವರ್ಷ ಮುಗಿಯಿತು, ಮತ್ತೆ ಒಂದಷ್ಟು ವರ್ಷ ಹೋದವು. ಕಳೆದ ತಿಂಗಳು ಕಾಕಾರನ್ನು ಬಾಗಲಕೋಟೆಯ ದವಾಖಾನೆಗೆ ಹಾಕಿದರು. ಈ ಸಲ ಮನೆಗೆ ಬರುವುದು ಕಠಿಣ ಅಂತ ಮಾಸ್ತರರು ಹೇಳಿದರು. ಮರುದಿನವೇ ಬಸ್ಸು ಹತ್ತಿದೆ. ಆ ದಿನದ ಒಳ್ಳೆಯದನ್ನು ದಾರಿಯಲ್ಲೇ ಬೆರಳ ಮೇಲೆ ಎಣಿಸಿದೆ: ಕಿಟಕಿಯ ಸೀಟು ಸಿಕ್ಕಿತು, ಒಂದು. ಶಿರೂರಿನ ಹೆಣ್ಣುಮಗಳೊಬ್ಬಳು ಪಕ್ಕದಲ್ಲಿ ಕೂತು ಏನೂ ಕೇಳದೆ ನಿದ್ದೆ ಮಾಡಿದಳು, ಎರಡು. ನಾನು ಹೋದಾಗ ಕಾಕಿ ಔಷಧ ತರಲು ಕೆಳಗೆ ಹೋಗಿದ್ದಳು, ಮೂರು. ಕಾಕಾ ಎಚ್ಚರ ಇದ್ದರು. ಟೊಪ್ಪಿಗೆ ಇಲ್ಲದ ಅವರ ತಲೆಯನ್ನು ಅಂದೇ ಮೊದಲು ನೋಡಿದೆ.

"ಕಾಕಾರ, ಒಂದು ಮಾತು ಹೇಳೂದೈತ್ರಿ."

"ಹೇಳು. ಎಲ್ಲಿಗೆ ಓಡಿಹೋಗತೇನಿ ನಾ."

"ಆವತ್ತ ಗೇಟಿನ ಒಳಗ ಬಂದು ನೀವು ಹೇಳಿದ ಮಾತು, ಕೈ ಎತ್ತಬ್ಯಾಡ ಅಂದದ್ದು. ಅದನ್ನ ನಾ ಕಾಕಿಗೆ ಹೇಳಲಿಲ್ರಿ. ಆಕಿಗೆ ಇನ್ನೂ ಗೊತ್ತಿಲ್ಲ."

ಅವರು ಮೇಲೆ ತಿರುಗುವ ಫ್ಯಾನು ನೋಡುತ್ತ ಮಲಗಿದ್ದರು.

"ಅಂದ್ರ ಆಕಿ ನನ್ನ ಮಾತು ಮೀರಿಲ್ಲ" ಅಂದರು.

"ಇಲ್ರಿ."

"ಇಷ್ಟು ವರ್ಷ ಮೀರ್ಯಾಳಂತ ತಿಳದಿದ್ದೆ. ಕೇಳಾಕ ಬರಂಗಿರಲಿಲ್ಲ. ಖುರ್ಚಿ ಆಕಿದು."

ನನಗೆ ಅಳು ತಡೆಯಲಾಗಲಿಲ್ಲ. "ತಪ್ಪಾತ್ರಿ ಕಾಕಾರ" ಅಂದೆ.

"ಮೊದಲ ತಪ್ಪು ನಂದು. ನಾ ಗೇಟು ದಾಟಬಾರದಿತ್ತು. ಅದನ್ನ ದೇವರ ಮುಂದ ಹೇಳಕೊಂಡೇನಿ. ನಿಂದು ನನಗ್ಯಾಕ ಹೇಳತಿ? ನನಗ ಬಂದ ಟಪಾಲು ನೀ ಇಟ್ಟುಕೊಂಡಿದ್ರ ನನಗ ಹೇಳಬೇಕಿತ್ತು. ಆಕಿ ಟಪಾಲು ಇಟ್ಟುಕೊಂಡಿ. ಆಕಿಗೆ ಹೇಳು." ಸ್ವಲ್ಪ ದಮ್ಮು ತಗೊಂಡು, "ಮತ್ತ, ಸಾಯಾಕ ಬಿದ್ದಾನ, ಮನಸ್ಸು ಬದಲಾಗಿರತೈತಿ ಅಂತ ತಿಳಕೋಬ್ಯಾಡ. ಅದು ಅಲ್ಲಿ ಕಟ್ಟಬಾರದಿತ್ತು" ಅಂದರು.

"ಹೂಂನ್ರಿ."

"ನೀರು ಬರತೈತೇನು ಅದರಾಗ?"

"ಬರತೈತ್ರಿ."

"ಬರಲಿ. ಕಟ್ಟಿದ ಮ್ಯಾಲ ಬರಬೇಕು."

ಅಷ್ಟರಲ್ಲಿ ಕಾಕಿ ಬಂದಳು. ನನ್ನ ಮುಖ ನೋಡಿ, "ಏನ ನಡದೈತಿ ಇಬ್ಬರದು?" ಅಂದಳು. ಕಾಕಾ ನನ್ನನ್ನು ನೋಡಿದರು. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. "ಪುರಸಭಾದ ಮಾತು" ಅಂದು ಅವರು ಕಣ್ಣು ಮುಚ್ಚಿಕೊಂಡರು. ಹೇಳುವ ಕೆಲಸ ನನ್ನದು ಅಂತ ನನಗೇ ಬಿಟ್ಟರು.

ಎಂಟು ದಿನಕ್ಕೆ ತೀರಿಕೊಂಡರು. ಮಣ್ಣಿಗೆ ಊರಿಗೆ ಊರೇ ಬಂದಿತ್ತು.

ಆಮೇಲೆ ದಿನಾ ಕಾಕಿಯ ಮನೆಗೆ ಹೋದೆ, ದಿನಾ ಹೇಳದೆ ಬಂದೆ. ಒಂದು ದಿನ ಮಂದಿ ಇರುತ್ತಿದ್ದರು, ಒಂದು ದಿನ ಕಾಕಿ ಮಲಗಿರುತ್ತಿದ್ದಳು, ಒಂದು ದಿನ ಏನೂ ಅಡ್ಡಿ ಇಲ್ಲದಿದ್ದರೂ ಬರೀ ಬಿಸಿಲಿನ ಮಾತಾಡಿ ಎದ್ದು ಬರುತ್ತಿದ್ದೆ. ನನ್ನ ಐದು ವರ್ಷದ ಓದನ್ನು ಅವಳು ದೇವರ ಪ್ರಸಾದದಂತೆ ನಂಬಿದ್ದಳು. ಹೇಳಿದರೆ ಆ ಮನೆಯ ಬಾಗಿಲು ನನಗೆ ಮುಚ್ಚುತ್ತದೆ ಅನ್ನುವ ಭಯ. ಮೊನ್ನೆ ಸೋಮವಾರ ಪೂಜೆ ಮುಗಿಸಿ, ಪ್ರಸಾದ ಸಹ ಬಾಯಿಗೆ ಹಾಕದೆ ಹೋದೆ. ಕಾಕಿ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ.

ಮೊರ ನಿಂತಿತು.

"ಕೈ ಎತ್ತಬ್ಯಾಡಂತ ಹೇಳಿ ಕಳಸಿದ್ರು."

"ಹೂಂ ಕಾಕಿ."

"ನೀ ಹೇಳಲಿಲ್ಲ. ಚಹಾ ಕುಡಿ ಅಂದಿ."

"ಹೂಂ."

"ಯಾಕ?"

"ಹೇಳಿದ್ರ ನೀ ಎತ್ತೂದಿಲ್ಲಂತ ಅಂಜಿ."

"ಎತ್ತೂದಿಲ್ಲಂತ ನಿನಗ ಯಾರು ಹೇಳಿದ್ರು?" ಕಾಕಿಯ ದನಿ ಏರಲಿಲ್ಲ. "ನಾ ಅವರ ಮಾತು ಕೇಳತೇನಂತ ಅವರು ತಿಳಕೊಂಡ್ರು. ನೀನೂ ಹಂಗ ತಿಳಕೊಂಡಿ. ಆ ಖುರ್ಚಿ ಮ್ಯಾಲ ಕುಂತಾಕಿ ನಾನು. ಇಬ್ಬರಾಗ ಒಬ್ಬರರ ನನ್ನ ಕೇಳಿದ್ರೇನು?"

ಆ ದಿನ ನಾನು ಊರ ಹೆಂಗಸರಿಗೆ ಉಪಕಾರ ಮಾಡಿದೆ, ಕಾಕಾರಿಗೆ ಮೋಸ ಮಾಡಿದೆ, ಈ ಎರಡನ್ನೇ ಇಷ್ಟು ವರ್ಷ ತೂಗುತ್ತಿದ್ದೆ. ಕಾಕಿ ಆ ತಕ್ಕಡಿಯಲ್ಲಿ ಇರಲೇ ಇಲ್ಲ.

"ನೀ ಹೇಳಿದ್ರೂ ನಾ ಕೈ ಎತ್ತತಿದ್ದೆ" ಅಂದಳು. "ಎತ್ತಿ, ಮನಿಗೆ ಬಂದು, ಅವರ ಮುಂದ ಕುಂತು, ಯಾಕ ಎತ್ತಿದೆ ಅಂತ ಹೇಳತಿದ್ದೆ. ಅವರ ನೇಮಾ ಅವರ ಮುರದಿದ್ರಲ್ಲ, ನಾನೂ ಮುರಿತಿದ್ದೆ. ಜಗಳ ಆಗತಿತ್ತು. ಐವತ್ತು ವರ್ಷದಾಗ ಒಂದು ಜಗಳ. ಅದನ್ನ ನೀ ನನಗ ಇಲ್ಲದಂಗ ಮಾಡಿದಿ."

ಜೋಳದಲ್ಲಿ ಬೆರಳಾಡಿಸಿದಳು. ಆಮೇಲೆ ಕೇಳಿದಳು: "ಇನ್ನ ಯಾವ್ಯಾವ ಕಾಗದ ಓದಲಿಲ್ಲ?"

"ಒಂದೂ ಇಲ್ಲ ಕಾಕಿ. ಲಿಂಗದ ಆಣಿ."

"ಆಣಿ ಬ್ಯಾಡ."

ಮೊರ ಬದಿಗಿಟ್ಟು ಎದ್ದು ಒಳಗೆ ಹೋದಳು. ನನಗೆ ಹೋಗು ಅಂದಳೋ, ನಿಲ್ಲು ಅಂದಳೋ ತಿಳಿಯಲಿಲ್ಲ. ಹೊಸ್ತಿಲ ಕಡೆ ಎರಡು ಹೆಜ್ಜೆ ಇಟ್ಟೆ, ವಾಪಸ್ಸು ಬಂದೆ, ಮತ್ತೆ ಹೊಸ್ತಿಲ ಕಡೆ ಹೋದೆ. ಕಾಕಿ ಒಂದು ಚೀಲ ಹಿಡಿದು ಬಂದಳು. ತುಂಬ ಟಪಾಲು. ಕಾಕಾ ತೀರಿದ ಮೇಲೆ ಊರೂರಿನಿಂದ ಬಂದ ಕಾಗದಗಳು, ಒಂದನ್ನೂ ಒಡೆದಿರಲಿಲ್ಲ.

"ಸೊಸಿ ಓದತೇನಿ ಅಂದ್ಲು, ಬ್ಯಾಡಂದೆ. ಕುಂಡ್ರು. ಓದು."

ಕೂತೆ. ಮೊದಲ ನಾಲ್ಕು ಕಾಗದ ಎಲ್ಲರೂ ಬರೆಯುವಂಥವು, ತುಂಬಲಾರದ ನಷ್ಟ, ಆತ್ಮಕ್ಕೆ ಶಾಂತಿ. ಐದನೆಯದು ಇಪ್ಪತ್ತು ವರ್ಷ ಸಭೆಯಲ್ಲಿ ಕಾಕಾರ ಎದುರು ಪಕ್ಷದಲ್ಲಿ ಕೂತಿದ್ದ, ಸೀರೆ ವ್ಯಾಪಾರದ ಸಾಹೇಬರದು. ಅವರೀಗ ಬದಾಮಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಕಾಲು ಬಾರದೆ ಮಣ್ಣಿಗೆ ಬರಲಾಗಲಿಲ್ಲ, ಕ್ಷಮಿಸಿರಿ ಅಂತ ಸುರು ಮಾಡಿದ್ದರು. ಎರಡನೆಯ ಪ್ಯಾರಾಕ್ಕೆ ಬಂದು ನನ್ನ ಬಾಯಿ ನಿಂತಿತು.

"ಯಾಕ ನಿಂತಿ? ಮುಂದ ಏನೈತಿ?"

"ಕಾಕಿ, ಇದು ಸ್ವಲ್ಪ..."

"ಏನೈತಿ ಅಂತ ಕೇಳೀನಿ. ಹೆಂಗೈತಿ ಅಂತ ಕೇಳಿಲ್ಲ."

ಓದಿದೆ. 'ನಿಮ್ಮ ಯಜಮಾನರು ಬಹಳ ಹಟಮಾರಿ ಮನುಷ್ಯ. ಊರಿಗೆ ಬೇಕಾದ ಎಷ್ಟೋ ಕೆಲಸಕ್ಕೆ ಅಡ್ಡ ನಿಂತರು. ಅವರಿಂದ ಈ ಊರು ಹಿಂದೆ ಬಿತ್ತು ಎಂದು ಅವರ ಎದುರಿಗೇ ಹೇಳುತ್ತಿದ್ದೆ, ಈಗಲೂ ಅದನ್ನೇ ಹೇಳುತ್ತೇನೆ. ಸತ್ತರೆಂದು ಮಾತು ಬದಲಿಸಿದರೆ ಅವರಿಗೇ ಸಿಟ್ಟು ಬರುತ್ತದೆ.' ಒಂದಕ್ಷರ ಬಿಡಲಿಲ್ಲ. ಕೆಳಗಿನ ಸಹಿಯನ್ನೂ ಓದಿದೆ.

ಕಾಕಿ ಆ ಕಾಗದ ನನ್ನ ಕೈಯಿಂದ ತಗೊಂಡು, ಮಡಿಕೆ ಇದ್ದಲ್ಲಿಯೇ ಮಡಿಚಿ, ತೊಡೆಯ ಮೇಲೆ ಇಟ್ಟುಕೊಂಡಳು.

"ಮುಂದಿಂದು ತೆಗಿ" ಅಂದಳು.